ನೂರ ಹತ್ತು ಗಜದ ನೆಲ

1874ರ ಮೇ ತಿಂಗಳ ನಡುವಿನಲ್ಲಿ ಮಾಂಟ್ರಿಯಲ್‌ನ ಮೆಗಿಲ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳ ತಂಡವೊಂದು ಗಡಿ ದಾಟಿ ಅಮೆರಿಕದ ಕೇಂಬ್ರಿಜ್ ಊರಿಗೆ ಹೋಯಿತು. ಅಲ್ಲಿ ಹಾರ್ವರ್ಡ್‌ನ ಹುಡುಗರೊಡನೆ ಎರಡು ದಿನ, ಎರಡು ಆಟ. ಮೊದಲ ದಿನ ಆತಿಥೇಯರ ಕಟ್ಟಳೆ, ಗೆಲುವೂ ಅವರದೇ. ಮರುದಿನ ಮೆಗಿಲ್‌ನವರು ಜೊತೆಗೆ ತಂದಿದ್ದ ರಗ್ಬಿಯ ಕಟ್ಟಳೆ. ಅಂದು ಯಾರಿಗೂ ಒಂದು ಅಂಕವೂ ದಕ್ಕಲಿಲ್ಲ. ಆದರೆ ಮೊಟ್ಟೆಯಾಕಾರದ ಚೆಂಡನ್ನು ಎದೆಗವುಚಿಕೊಂಡು ಓಡುವ ಆ ಆಟ ಹಾರ್ವರ್ಡ್‌ನವರ ಮನಸ್ಸಿಗೆ ಹಿಡಿಸಿಬಿಟ್ಟಿತು. ಅವರು ಅದನ್ನು ತಮ್ಮದಾಗಿಸಿಕೊಂಡರು, ಬೇರೆ ಕಾಲೇಜುಗಳಿಗೆ ಕಲಿಸಿದರು. ಇಂದು ಕೋಟಿ ಕೋಟಿ ಜನ ಕಣ್ಣಿಟ್ಟು ನೋಡುವ ಅಮೆರಿಕನ್ ಫುಟ್‌ಬಾಲ್ ಬೆಳೆದದ್ದು ಆ ಬೇರಿನಿಂದ. ಕೊಟ್ಟವರು ಕೆನಡಾದವರು. ಮುಂದಿನ ನೂರೈವತ್ತು ವರ್ಷಗಳ ಕಥೆಯನ್ನು ಓದುವಾಗ ಈ ಮಾತು ನೆನಪಿನಲ್ಲಿರಬೇಕು.

ಕನ್ನಡದ ಓದುಗರಿಗೆ ಫುಟ್‌ಬಾಲ್ ಎಂದರೆ ಕಾಲ್ಚೆಂಡು. ಇದು ಅದಲ್ಲ. ಎರಡು ಸೇನೆಗಳು ಎದುರುಬದುರು ಸಾಲುಗಟ್ಟಿ ನಿಂತು, ಚೆಂಡನ್ನು ಗಜ ಗಜವಾಗಿ ಎದುರಾಳಿಯ ನೆಲದೊಳಕ್ಕೆ ಒಯ್ಯುವ ಆಟ. ಹತ್ತು ಗಜ ಗೆಲ್ಲಲು ಇಂತಿಷ್ಟು ಯತ್ನಗಳು. ಗೆಲ್ಲದಿದ್ದರೆ ಚೆಂಡು ಎದುರಾಳಿಯ ಪಾಲು. ಎರಡೂ ದೇಶಗಳ ಆಟದ ಒಡಲು ಇದೇ. ಬೇರೆಯಾದದ್ದು ಅಳತೆಯಲ್ಲಿ, ಎಣಿಕೆಯಲ್ಲಿ.

1880ರ ಸುಮಾರಿಗೆ ಯೇಲ್‌ನ ವಾಲ್ಟರ್ ಕ್ಯಾಂಪ್ ಅಮೆರಿಕದ ತಂಡವನ್ನು ಹದಿನೈದರಿಂದ ಹನ್ನೊಂದು ಮಂದಿಗೆ ಇಳಿಸಿದ. ಕೆನಡಾ ಅವಸರಪಡಲಿಲ್ಲ. 1903ರಲ್ಲಿ ಟೊರಾಂಟೊ ವಿಶ್ವವಿದ್ಯಾಲಯದ ಥ್ರಿಫ್ಟ್ ಬರ್ನ್‌ಸೈಡ್ ರೂಪಿಸಿದ ನಿಯಮಗಳಲ್ಲಿ ಹನ್ನೆರಡು ಆಟಗಾರರು, ಹತ್ತು ಗಜಕ್ಕೆ ಮೂರು ಯತ್ನ. ಅದೇ ವರ್ಷ ಹಾರ್ವರ್ಡ್‌ನವರು ಕಾಂಕ್ರೀಟಿನ ದೊಡ್ಡ ಕ್ರೀಡಾಂಗಣ ಕಟ್ಟಿಸಿದರು. ಕೆಲವೇ ವರ್ಷಗಳಲ್ಲಿ ಆಟದಲ್ಲಿ ಸಾವುನೋವು ಹೆಚ್ಚಿ, ಮೈದಾನವನ್ನು ಅಗಲಗೊಳಿಸಿದರೆ ನೂಕುನುಗ್ಗಲು ತಗ್ಗೀತೆಂಬ ಸಲಹೆ ಅಮೆರಿಕದಲ್ಲಿ ಎದ್ದಿತು. ಆದರೆ ಹಾರ್ವರ್ಡ್‌ನ ಕಾಂಕ್ರೀಟ್ ಗೋಡೆಗಳು ಒಂದಿಂಚೂ ಸರಿಯುವಂತಿರಲಿಲ್ಲ. ಅಗಲಿಸುವುದರ ಬದಲು 1906ರಲ್ಲಿ ಚೆಂಡನ್ನು ಮುಂದಕ್ಕೆ ಎಸೆಯಲು ಅನುಮತಿ ಕೊಟ್ಟರು. 1912ರಲ್ಲಿ 110 ಗಜದ ಉದ್ದವನ್ನು 100ಕ್ಕೆ ಇಳಿಸಿದರು, ಮೂರು ಯತ್ನಗಳನ್ನು ನಾಲ್ಕು ಮಾಡಿದರು. ಕೆನಡಾ ಮಾತ್ರ ಹಳೆಯ 110 ಗಜವನ್ನೂ ಮೂರು ಯತ್ನವನ್ನೂ ಬಿಡಲಿಲ್ಲ. ಅಗಲ 65 ಗಜ. ಅಮೆರಿಕದ್ದು 53ಕ್ಕೆ ತುಸು ಹೆಚ್ಚು. ಈ ಅಂಕಿಗಳು ಬರೀ ಅಳತೆಪಟ್ಟಿಯ ಲೆಕ್ಕವಲ್ಲ. ಮೂರೇ ಯತ್ನವಿರುವಲ್ಲಿ ಮೆಲ್ಲಗೆ ಗುದ್ದಾಡಿಕೊಂಡು ಸಾಗುವುದಕ್ಕಾಗದು. ಚೆಂಡನ್ನು ದೂರ ಎಸೆಯಲೇಬೇಕು, ಒದೆಯಲೇಬೇಕು, ಓಡಲೇಬೇಕು. ವಿಶಾಲವಾದ ನೆಲ ಅದಕ್ಕೆ ಎಡೆ ಕೊಡುತ್ತಿತ್ತು. ಅಲ್ಲಿನವರು ತಮ್ಮ ಆಟ ತಮ್ಮದೆಂದು ಹೇಳಿದ್ದು ಈ ನೆಲವನ್ನು ನೆಚ್ಚಿ.

1909ರಲ್ಲಿ ಗವರ್ನರ್ ಜನರಲ್ ಅರ್ಲ್ ಗ್ರೇ ಒಂದು ಬೆಳ್ಳಿಯ ಕಪ್ ಕೊಟ್ಟ. ಮೊದಲ ಬಾರಿಗೆ ಅದು ಟೊರಾಂಟೊ ವಿಶ್ವವಿದ್ಯಾಲಯದ ಪಾಲಾಯಿತು. ಪೂರ್ವದ ಹಳೆಯ ನಗರಗಳ ಸೊತ್ತಾಗಿದ್ದ ಆ ಕಪ್ಪನ್ನು 1935ರಲ್ಲಿ ವಿನಿಪೆಗ್ ಮೊದಲ ಬಾರಿಗೆ ಪಶ್ಚಿಮಕ್ಕೆ ಒಯ್ದಾಗ ಆಟ ಇಡೀ ದೇಶದ್ದಾಯಿತು. ಹಾಗೆ ಒಯ್ದವರ ತಾರೆ ಫ್ರಿಟ್ಜ್ ಹ್ಯಾನ್ಸನ್ ಅಮೆರಿಕದ ನಾರ್ತ್ ಡಕೋಟದಿಂದ ಬಂದವನು ಎಂಬುದನ್ನೂ ಹೇಳಬೇಕು. ಆ ಗಡಿ ಎಂದೂ ಗೋಡೆಯಾಗಿರಲಿಲ್ಲ. ಆಟಗಾರರು ದಕ್ಷಿಣದಿಂದ ಬರುತ್ತಿದ್ದರು, ಕೆನಡಾದ ಕಟ್ಟಳೆಯಲ್ಲಿ ಆಡುತ್ತಿದ್ದರು, ಎಷ್ಟೋ ಮಂದಿ ಅಲ್ಲೇ ಮನೆ ಮಾಡುತ್ತಿದ್ದರು.

1948ರಲ್ಲಿ ಕ್ಯಾಲ್ಗರಿಯ ಅಭಿಮಾನಿಗಳು ವಿಶೇಷ ರೈಲಿನಲ್ಲಿ ಕುದುರೆಗಳನ್ನೂ ಏರಿಸಿಕೊಂಡು ಟೊರಾಂಟೊಗೆ ಬಂದರು. ದನಗಾಹಿಗಳ ಟೋಪಿ ತೊಟ್ಟು ನಗರಸಭೆಯ ಮುಂದೆ ಒಲೆ ಹೂಡಿ, ದೋಸೆಯಂಥ ಪ್ಯಾನ್‌ಕೇಕ್ ಹುಯ್ದು ಹೋಗುಬರುವವರಿಗೆಲ್ಲ ಹಂಚಿದರು. ರಾಯಲ್ ಯಾರ್ಕ್ ಎಂಬ ಭಾರಿ ಹೋಟೆಲಿನ ಮೊಗಸಾಲೆಗೆ ಕುದುರೆ ಹೊಕ್ಕ ಪ್ರಸಂಗವನ್ನು ಆ ದೇಶದವರು ಇವತ್ತಿಗೂ ಹೇಳಿಕೊಳ್ಳುತ್ತಾರೆ. ಕ್ಯಾಲ್ಗರಿ ಒಟ್ಟಾವಾವನ್ನು 12-7ರಿಂದ ಮಣಿಸಿತು. ಗ್ರೇ ಕಪ್ ಅಂದಿನಿಂದ ಪಂದ್ಯವಷ್ಟೇ ಅಲ್ಲ, ಜಾತ್ರೆ.

ಚಳಿಗಾಲದ ಹೊಸ್ತಿಲಿನಲ್ಲಿ ನಡೆಯುವ ಜಾತ್ರೆ ಅದು. 1962ರ ಡಿಸೆಂಬರ್ 1ರಂದು ಟೊರಾಂಟೊದಲ್ಲಿ ಒಂಟಾರಿಯೊ ಸರೋವರದ ಮಂಜು ಮೈದಾನದ ಮೇಲೆ ಕವಿದು ಬಂತು. ಒದೆದ ಚೆಂಡು ಮೇಲೇರಿ ಮಾಯವಾಗುತ್ತಿತ್ತು. ಎಲ್ಲಿ ಬಿತ್ತೆಂದು ಹಿಡಿಯುವವನಿಗೇ ತಿಳಿಯುತ್ತಿರಲಿಲ್ಲ. ಗ್ಯಾಲರಿಯ ಮೇಲಿನವರಿಗೆ ಕಂಡದ್ದು ಬರೀ ಬಿಳುಪು, ಕೇಳಿಸಿದ್ದು ಕೆಳಗಿನವರ ಕೂಗು. ಒಂಬತ್ತು ನಿಮಿಷ 29 ಸೆಕೆಂಡು ಬಾಕಿಯಿರುವಾಗ ಆಟ ನಿಲ್ಲಿಸಿ, ಮರುದಿನ ಬೆಳಕಿನಲ್ಲಿ ಮುಗಿಸಿದರು. ಉಳಿದ ಆ ಹೊತ್ತಿನಲ್ಲಿ ಒಂದು ಅಂಕವೂ ಬರಲಿಲ್ಲ. ವಿನಿಪೆಗ್ 28, ಹ್ಯಾಮಿಲ್ಟನ್ 27. ಅದಕ್ಕೂ ಒಂದು ವರ್ಷ ಮುಂಚೆ, 1961ರ ಆಗಸ್ಟ್‌ನಲ್ಲಿ, ಇದೇ ಹ್ಯಾಮಿಲ್ಟನ್ ಗಡಿಯಾಚೆಯ ಬಫಲೊ ಬಿಲ್ಸ್ ತಂಡವನ್ನು 38-21ರಿಂದ ಸೋಲಿಸಿತ್ತು. ಆಗಿನ್ನೂ ಅಮೆರಿಕದ ಆಟಕ್ಕೆ ಟಿವಿಯ ಹಣದ ಹೊಳೆ ಹರಿದು ಬಂದಿರಲಿಲ್ಲ. ಹಣದಲ್ಲಿ ಎರಡೂ ದೇಶಗಳ ತಂಡಗಳು ಹೆಚ್ಚುಕಡಿಮೆ ಸರಿಸಮನಾಗಿ ನಿಲ್ಲುತ್ತಿದ್ದ ಕಾಲ. 1958ರಲ್ಲಿ ಕೆನಡಿಯನ್ ಫುಟ್‌ಬಾಲ್ ಲೀಗ್, ಅಂದರೆ ಸಿಎಫ್‌ಎಲ್, ವಿಧಿವತ್ತಾಗಿ ಹುಟ್ಟಿದಾಗ ಒಂಬತ್ತು ನಗರಗಳ ಒಂಬತ್ತು ತಂಡಗಳು ಅದರಲ್ಲಿದ್ದವು. ಅವುಗಳಲ್ಲಿ ಎರಡರ ಹೆಸರು ಕೇಳುವುದಕ್ಕೆ ಒಂದೇ: ಒಟ್ಟಾವಾದ ರಫ್ ರೈಡರ್ಸ್, ಸಸ್ಕಾಚೆವಾನಿನ ರಫ್‌ರೈಡರ್ಸ್. ಇಬ್ಬರೂ ಹೆಸರು ಬಿಟ್ಟುಕೊಡಲಿಲ್ಲ.

ಮೊದಲ ಗಂಡಾಂತರ 1974ರಲ್ಲಿ ಬಂತು. ಅಮೆರಿಕದಲ್ಲಿ ವರ್ಲ್ಡ್ ಫುಟ್‌ಬಾಲ್ ಲೀಗ್ ಎಂಬ ಹೊಸ ಸಂಘಟನೆ ಹುಟ್ಟಿತ್ತು. ಅದರ ತಂಡವೊಂದನ್ನು ಟೊರಾಂಟೊದಲ್ಲಿ ಕಟ್ಟಲು ಜಾನ್ ಬ್ಯಾಸೆಟ್ ಹೊರಟ. ನಾರ್ತ್‌ಮೆನ್ ಎಂದು ಹೆಸರಿಟ್ಟ. ಆತ ಕೆನಡಾದವನೇ, ಅವನ ತಂದೆ ಟೊರಾಂಟೊದ ಸಿಎಫ್‌ಎಲ್ ತಂಡ ಆರ್ಗೊನಾಟ್ಸ್‌ನ ಒಡೆಯರಲ್ಲೊಬ್ಬನಾಗಿದ್ದವನು. ಅಮೆರಿಕದ ಮಯಾಮಿ ಡಾಲ್ಫಿನ್ಸ್‌ನ ಲ್ಯಾರಿ ಸೊಂಕಾ, ಜಿಮ್ ಕೀಕ್, ಪಾಲ್ ವಾರ್‌ಫೀಲ್ಡ್ ಎಂಬ ಮೂವರು ಮಹಾನ್ ಆಟಗಾರರನ್ನು ಭಾರಿ ಮೊತ್ತಕ್ಕೆ ಗೊತ್ತುಮಾಡಿದಾಗ ಎರಡೂ ದೇಶಗಳು ಬೆಚ್ಚಿಬಿದ್ದವು. ಟೊರಾಂಟೊ ಹೋದರೆ ಮಾಂಟ್ರಿಯಲ್, ಆಮೇಲೆ ವ್ಯಾಂಕೂವರ್. ಮೂರು ದೊಡ್ಡ ನಗರಗಳನ್ನು ಅಮೆರಿಕದ ಲೀಗುಗಳು ಒಯ್ದರೆ ರೆಜೈನಾ, ವಿನಿಪೆಗ್, ಹ್ಯಾಮಿಲ್ಟನ್ ಯಾರೊಡನೆ ಆಡಬೇಕು? ಸಿಎಫ್‌ಎಲ್‌ನ ಗಟ್ಟಿತನ ಸಣ್ಣ ಊರುಗಳಲ್ಲಿತ್ತು, ಆದರೆ ಅದರ ಗಲ್ಲಾಪೆಟ್ಟಿಗೆ ದೊಡ್ಡ ಊರುಗಳಲ್ಲಿತ್ತು. ಆ ಲೀಗಿನ ಹುಟ್ಟುದೋಷವೆಂದರೆ ಅದೇ.

ಪಿಯರ್ ಟ್ರೂಡೊ ಸರ್ಕಾರದ ಸಚಿವ ಮಾರ್ಕ್ ಲಲೊಂಡ್ ಸಂಸತ್ತಿನಲ್ಲಿ ಕೆನಡಿಯನ್ ಫುಟ್‌ಬಾಲ್ ಮಸೂದೆ ಮಂಡಿಸಿದ. ಪರದೇಶದ ಲೀಗಿನ ತಂಡ ಕೆನಡಾದ ನೆಲದಲ್ಲಿ ಆಡಕೂಡದು ಎಂಬುದು ಅದರ ತಿರುಳು. ಒಂದು ಆಟವನ್ನು ಕಾಯಲು ದೇಶದ ಸರ್ಕಾರವೇ ಎದ್ದು ನಿಂತದ್ದು ಅಪರೂಪ. ಟೊರಾಂಟೊದಲ್ಲಿ ವಿರೋಧವೂ ಇತ್ತು: ಜನರು ಏನು ನೋಡಬೇಕೆಂದು ಸರ್ಕಾರ ಹೇಳುವುದೇ ಎಂದು ಕೇಳಿದವರಿದ್ದರು, ಆ ಪ್ರಶ್ನೆ ಹಗುರವಾದುದೂ ಅಲ್ಲ. ಮಸೂದೆ ಕಾನೂನಾಗಲಿಲ್ಲ, ಮೇ ತಿಂಗಳಲ್ಲಿ ಸರ್ಕಾರವೇ ಬಿತ್ತು. ಆದರೆ ಬೆದರಿಕೆ ತನ್ನ ಕೆಲಸ ಮಾಡಿತ್ತು. ಬ್ಯಾಸೆಟ್ ತನ್ನ ತಂಡವನ್ನು ಟೆನೆಸಿಯ ಮೆಂಫಿಸ್‌ಗೆ ಒಯ್ದ. ಆ ಹೊಸ ಲೀಗು 1975ರ ಅಕ್ಟೋಬರಿನಲ್ಲಿ, ಎರಡನೆಯ ಋತುವಿನ ನಡುವೆಯೇ ಕಣ್ಣು ಮುಚ್ಚಿತು. ಟೊರಾಂಟೊ ಅದನ್ನು ನೆಚ್ಚಿಕೊಂಡಿದ್ದರೆ ಆರ್ಗೊನಾಟ್ಸ್‌ಗೆ ಆಗಬಹುದಾಗಿದ್ದ ನಷ್ಟವನ್ನು ನೆನೆದರೆ, ಲಲೊಂಡ್ ಮಾಡಿದ್ದು ಸರಿಯೆಂದೇ ನನ್ನ ತೀರ್ಮಾನ.

ಹೊರಗಿನ ಶತ್ರುವಿಗೆ ಕಾನೂನು ತೋರಿಸಬಹುದು. ಮನಸ್ಸಿನೊಳಗೆ ನುಸುಳಿದ ಬದಲಾವಣೆಗೆ ಏನು ತೋರಿಸುವುದು? ಅಮೆರಿಕದ ನ್ಯಾಷನಲ್ ಫುಟ್‌ಬಾಲ್ ಲೀಗ್, ಎನ್‌ಎಫ್‌ಎಲ್, ಟಿವಿಯ ಮೂಲಕ ಪ್ರತಿ ಭಾನುವಾರ ಕೆನಡಾದ ಪಡಸಾಲೆಗೆ ಬಂದು ಕೂತಿತು. ಟೊರಾಂಟೊ, ಮಾಂಟ್ರಿಯಲ್‌ಗಳ ಹೊಸ ತಲೆಮಾರಿಗೆ ತಮ್ಮದೇ ಆಟ ಎರಡನೆಯ ದರ್ಜೆಯದಾಗಿ ಕಾಣತೊಡಗಿತು. 1981ರಲ್ಲಿ ಮಾಂಟ್ರಿಯಲ್ ಅಲೂವೆಟ್ಸ್‌ನ ಹೊಸ ಒಡೆಯ ನೆಲ್ಸನ್ ಸ್ಕಲ್ಬೇನಿಯಾ ಎನ್‌ಎಫ್‌ಎಲ್‌ನಿಂದ ವಿನ್ಸ್ ಫೆರಗಾಮೊ ಮುಂತಾದವರನ್ನು ಹಣ ಸುರಿದು ತಂದ. ಮೂಗಿಗಿಂತ ಮೂಗುತಿ ಭಾರವಾಯಿತು. ಮರುವರ್ಷ ಆ ತಂಡ ಮುಳುಗಿತು, ಕಾನ್‌ಕಾರ್ಡ್ಸ್ ಎಂಬ ಹೆಸರಿನಲ್ಲಿ ಎದ್ದಿತು, 1986ರಲ್ಲಿ ಹಳೆಯ ಹೆಸರನ್ನೇ ಮತ್ತೆ ತಾಳಿತು. 1987ರ ಜೂನ್‌ನಲ್ಲಿ, ಋತು ಆರಂಭವಾಗುವ ಹೊತ್ತಿಗೇ, ಬಾಗಿಲು ಹಾಕಿತು. ಬಿಯರ್ ಕಂಪನಿಯೊಂದು ಕೊಡುತ್ತಿದ್ದ ಪ್ರಸಾರದ ಹಣವೂ ಅಷ್ಟರಲ್ಲಿ ನಿಂತಿತ್ತು.

ಅದೇ 1987ರಲ್ಲಿ ಸಸ್ಕಾಚೆವಾನಿನಲ್ಲಿ ನಡೆದದ್ದು ಬೇರೆ. ರೆಜೈನಾ ಆಗ ಎರಡು ಲಕ್ಷ ಜನರೂ ಇಲ್ಲದಿದ್ದ ಊರು. ಸುತ್ತ ಗೋಧಿಯ ಬಯಲು. ಅಲ್ಲಿನ ರಫ್‌ರೈಡರ್ಸ್‌ಗೆ ಒಬ್ಬ ಶ್ರೀಮಂತ ಒಡೆಯನಿಲ್ಲ, ಊರೇ ಒಡೆಯ. ಖಜಾನೆ ಬರಿದಾದಾಗ ಟಿವಿಯ ಮುಂದೆ ಕೂತು ಜನರಲ್ಲಿ ಬೇಡಿದರು. ನೂರಾರು ಮೈಲಿ ದೂರದ ಹೊಲಮನೆಗಳಿಂದ ಫೋನು ಬಂದವು, ಹನಿಗೂಡಿ ಹಳ್ಳವಾಯಿತು. ಎರಡು ವರ್ಷಗಳ ಬಳಿಕ, 1989ರ ಗ್ರೇ ಕಪ್ ಫೈನಲ್‌ನಲ್ಲಿ, ಡೇವ್ ರಿಡ್ಜ್‌ವೇ ಕೊನೆಯ ಗಳಿಗೆಯಲ್ಲಿ ಒದೆದ ಚೆಂಡು ಕಂಬಗಳ ನಡುವೆ ಹಾಯ್ದು, ಅದೇ ತಂಡ ಹ್ಯಾಮಿಲ್ಟನನ್ನು 43-40ರಿಂದ ಗೆದ್ದಿತು. ಇಂಥ ಜನ ಇರುವವರೆಗೆ ಆಟಕ್ಕೆ ಸಾವಿಲ್ಲ ಎಂದು ಅಂದೇ ಯಾರಾದರೂ ಹೇಳಬಹುದಿತ್ತು. ಲೀಗಿನ ಹಿರಿಯರು ನೋಡಿದ್ದು ಬೇರೆ ದಿಕ್ಕಿಗೆ.

1992ರಲ್ಲಿ ಆಯುಕ್ತನಾದ ಲ್ಯಾರಿ ಸ್ಮಿತ್, ತಾನೇ ಹಿಂದೆ ಅಲೂವೆಟ್ಸ್‌ಗೆ ಆಡಿದವನು. ಅಮೆರಿಕದ ಲೀಗು ಉತ್ತರಕ್ಕೆ ಬರುವ ಮೊದಲು ನಾವೇ ದಕ್ಷಿಣಕ್ಕೆ ಹೋಗೋಣ. ಎನ್‌ಎಫ್‌ಎಲ್ ಇಲ್ಲದ ಅಮೆರಿಕದ ನಗರಗಳಲ್ಲಿ ತಂಡ ಕಟ್ಟೋಣ. ಅವುಗಳ ಪ್ರವೇಶಶುಲ್ಕದಿಂದ ಕೆನಡಾದ ತಂಡಗಳ ಸಾಲ ತೀರಲಿ. ಅವನ, ಲೀಗಿನ ಹಿರಿಯರ ಎಣಿಕೆ ಹೀಗಿತ್ತು. ದುರುದ್ದೇಶ ಯಾರಲ್ಲೂ ಇರಲಿಲ್ಲ. ಮನೆ ಉಳಿಸಲು ಮನೆಯ ತೊಲೆಯನ್ನೇ ಒತ್ತೆಯಿಟ್ಟರು, ಅಷ್ಟೆ.

1993ರಲ್ಲಿ ಸ್ಯಾಕ್ರಮೆಂಟೊ ಬಂತು. 1994ರಲ್ಲಿ ಲಾಸ್ ವೇಗಸ್, ಶ್ರೀವ್‌ಪೋರ್ಟ್, ಬಾಲ್ಟಿಮೋರ್. 1995ರಲ್ಲಿ ಬರ್ಮಿಂಗ್‌ಹ್ಯಾಮ್, ಮೆಂಫಿಸ್. ಸ್ಯಾಕ್ರಮೆಂಟೊದ ತಂಡ ಸ್ಯಾನ್ ಆಂಟೋನಿಯೊಗೆ ಗುಳೆ ಹೋಯಿತು. ಆ ವರ್ಷದ ಹದಿಮೂರು ತಂಡಗಳಲ್ಲಿ ಐದು ಅಮೆರಿಕದವು. ಒಂದೇ ಋತು ಬಾಳಿದ ಲಾಸ್ ವೇಗಸ್‌ನಲ್ಲಿ ಗಾಯಕನೊಬ್ಬ ಕೆನಡಾದ ರಾಷ್ಟ್ರಗೀತೆಯನ್ನು ಕ್ರಿಸ್‌ಮಸ್ ಹಾಡೊಂದರ ಧಾಟಿಯಲ್ಲಿ ಹಾಡಿಬಿಟ್ಟ. ಮೈದಾನದಲ್ಲಿ ಕೈಕಟ್ಟಿ ನಿಂತ ಕೆನಡಾದ ಆಟಗಾರರು ಅದನ್ನು ಕೊನೆಯವರೆಗೂ ಕೇಳಿಸಿಕೊಂಡರು. ಆ ಊರಿನಲ್ಲಿ ಪ್ರೇಕ್ಷಕರು ಎಷ್ಟು ಕರಗಿಹೋದರೆಂದರೆ ಆ ತಂಡದ ಕೊನೆಯ ತವರಿನ ಪಂದ್ಯವನ್ನು ಕೆನಡಾದ ಎಡ್ಮಂಟನ್‌ಗೆ ಸಾಗಿಸಿ ಆಡಿದರು. ತಂಡ ಮುಚ್ಚಿದಾಗ ಅದರ ಆಟಗಾರರನ್ನು ಉಳಿದವರು ಹಂಚಿಕೊಂಡರು. ಆ ಹಂಚಿಕೆಯಲ್ಲಿ ಒಟ್ಟಾವಾ ಆರಿಸಿಕೊಂಡ ಒಬ್ಬ ಆಟಗಾರ ಅಷ್ಟರಲ್ಲೇ ತೀರಿಕೊಂಡಿದ್ದ; ಆರಿಸಿದವರಿಗೆ ಅದು ಗೊತ್ತೇ ಇರಲಿಲ್ಲ. ಲೀಗು ತನ್ನ ಮಕ್ಕಳ ಬದುಕುಸಾವಿನ ಎಚ್ಚರವನ್ನೂ ಕಳೆದುಕೊಂಡಿತ್ತು ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ನೆಲವೂ ಒಪ್ಪಲಿಲ್ಲ. ಕೆನಡಾದ ಮೈದಾನ ಅಮೆರಿಕದ ಎಷ್ಟೋ ಕ್ರೀಡಾಂಗಣಗಳಲ್ಲಿ ಹಿಡಿಯುತ್ತಿರಲಿಲ್ಲ. ಮೆಂಫಿಸ್‌ನಲ್ಲಿ ಎರಡು ತುದಿಗಳಲ್ಲಿ ಅಂಕ ಗಳಿಸುವ ಪಟ್ಟಿಗಳಾದ ಎಂಡ್ ಝೋನ್‌ಗಳಿಗೆ ಪೂರ್ತಿ ಆಳ ಸಿಗಲೇ ಇಲ್ಲ. ಅಲಬಾಮಾದ ಬರ್ಮಿಂಗ್‌ಹ್ಯಾಮ್‌ನಲ್ಲಿ ಬೇಸಿಗೆಯಲ್ಲಿ ಜನ ಬಂದರು. ಸೆಪ್ಟೆಂಬರ್‌ನಲ್ಲಿ ಕಾಲೇಜು ಫುಟ್‌ಬಾಲ್ ಶುರುವಾದದ್ದೇ ತಡ, ಗ್ಯಾಲರಿ ಖಾಲಿ. ಅವರಿಗೆ ಅವರದೇ ದೈವಗಳಿದ್ದವು. ಜೊತೆಗೆ, ಕೆನಡಾದ ತಂಡಗಳಲ್ಲಿ ಇಂತಿಷ್ಟು ಮಂದಿ ಕೆನಡಿಗರು ಇರಲೇಬೇಕೆಂಬ ನಿಯಮ ಅಮೆರಿಕದ ತಂಡಗಳಿಗೆ ಅನ್ವಯಿಸಲಿಲ್ಲ. ಆ ದೇಶದ ಕಾರ್ಮಿಕ ಕಾನೂನು ಅಡ್ಡ ಬಂತು. ಬೇಲಿಯೇ ಎದ್ದು ಹೊಲ ಮೇಯ್ದಂತೆ, ಕೆನಡಾದ ಲೀಗಿನಲ್ಲಿ ಕೆನಡಾದ ಹುಡುಗನಿಗೆ ಜಾಗವಿಲ್ಲದ ತಂಡಗಳು ಹುಟ್ಟಿದವು.

ಬಾಲ್ಟಿಮೋರ್ ಮಾತ್ರ ಇವುಗಳ ಸಾಲಿಗೆ ಸೇರದು. 1984ರ ಮಾರ್ಚ್‌ನ ಒಂದು ರಾತ್ರಿ ಅಲ್ಲಿನ ಎನ್‌ಎಫ್‌ಎಲ್ ತಂಡ ಕೋಲ್ಟ್ಸ್, ಊರು ಮಲಗಿರುವಾಗ ಲಾರಿಗಳಲ್ಲಿ ಗಂಟುಮೂಟೆ ತುಂಬಿಕೊಂಡು ಇಂಡಿಯಾನಾಪೊಲಿಸ್‌ಗೆ ಹೊರಟುಹೋಗಿತ್ತು. ಹತ್ತು ವರ್ಷ ಆ ಗಾಯ ಮಾಯಲಿಲ್ಲ. 1994ರಲ್ಲಿ ಜಿಮ್ ಸ್ಪೆರೋಸ್ ಸಿಎಫ್‌ಎಲ್ ತಂಡ ತಂದು ಅದಕ್ಕೆ ಕೋಲ್ಟ್ಸ್ ಎಂದೇ ಹೆಸರಿಟ್ಟಾಗ ಎನ್‌ಎಫ್‌ಎಲ್ ನ್ಯಾಯಾಲಯಕ್ಕೆ ಹೋಗಿ ತಡೆ ತಂದಿತು. ತಂಡ ಹೆಸರಿಲ್ಲದೆ ಆಡಿತು. ಮೆಮೋರಿಯಲ್ ಸ್ಟೇಡಿಯಂನಲ್ಲಿ ಧ್ವನಿವರ್ಧಕದವನು ‘ನಿಮ್ಮ ಬಾಲ್ಟಿಮೋರ್ ಸಿಎಫ್‌ಎಲ್...’ ಎಂದು ಹೇಳಿ ಒಂದು ಗಳಿಗೆ ನಿಲ್ಲಿಸುತ್ತಿದ್ದ. ಸಾವಿರಾರು ಗಂಟಲುಗಳು ಆ ಎಡೆಯನ್ನು ‘ಕೋಲ್ಟ್ಸ್!’ ಎಂದು ತುಂಬುತ್ತಿದ್ದವು. ಮಾಂಟ್ರಿಯಲ್‌ನವರಿಗೆ ಗೊತ್ತಿದ್ದ, ಒಟ್ಟಾವಾದವರಿಗೆ ಮುಂದೆ ಗೊತ್ತಾದ ನೋವು ಅದೇ. ತಂಡವೊಂದು ಊರು ಬಿಟ್ಟರೆ ಏನಾಗುತ್ತದೆಂದು ತಿಳಿದಿದ್ದ ಜನ ಬಾಲ್ಟಿಮೋರ್‌ನವರು. ಹೀಗಾಗಿ ಅನ್ಯದೇಶದ ಆಟವನ್ನೂ ಪ್ರೀತಿಯಿಂದ ನೋಡಿದರು.

ಆ ವರ್ಷವೇ ಬಾಲ್ಟಿಮೋರ್ ಗ್ರೇ ಕಪ್ ಫೈನಲ್ ತಲುಪಿತು. ವ್ಯಾಂಕೂವರ್‌ನಲ್ಲಿ 23-23 ಸಮ. ಕೊನೆಯ ಗಳಿಗೆಯಲ್ಲಿ ಬ್ರಿಟಿಷ್ ಕೊಲಂಬಿಯಾದ ಲುಯಿ ಪಸಾಲಿಯಾ 38 ಗಜದಿಂದ ಒದ್ದು ಕಪ್ಪನ್ನು ಕೆನಡಾದಲ್ಲೇ ಉಳಿಸಿದ. ಮರುವರ್ಷ ಉಳಿಸುವವರು ಇರಲಿಲ್ಲ. 1995ರ ನವೆಂಬರ್ 19, ರೆಜೈನಾದ ಟೇಲರ್ ಫೀಲ್ಡ್. ಸಾವಿರಾರು ತಾತ್ಕಾಲಿಕ ಆಸನ ಕಟ್ಟಿ 52 ಸಾವಿರಕ್ಕೂ ಮಿಕ್ಕಿ ಜನರನ್ನು ಕೂರಿಸಿದ್ದರು. ಬಯಲುಸೀಮೆಯ ಗಾಳಿ ಗಂಟೆಗೆ 85 ಕಿಲೋಮೀಟರ್ ವೇಗದಲ್ಲಿ ಬೀಸಿತು. ಡಗ್ ಫ್ಲೂಟಿಯ ಕ್ಯಾಲ್ಗರಿಯನ್ನು ಡಾನ್ ಮ್ಯಾಥ್ಯೂಸ್ ತರಬೇತಿಯ, ಟ್ರೇಸಿ ಹ್ಯಾಮ್, ಮೈಕ್ ಪ್ರಿಂಗಲ್‌ರ ಬಾಲ್ಟಿಮೋರ್ ಸ್ಟಾಲಿಯನ್ಸ್ 37-20ರಿಂದ ಸೋಲಿಸಿತು. ದೇಣಿಗೆ ಎತ್ತಿ ಆಟ ಉಳಿಸಿಕೊಂಡಿದ್ದ ಊರಿನ ಕಣ್ಣೆದುರಿನಲ್ಲೇ, 1909ರ ಕಪ್ಪನ್ನು ಮೊದಲ ಬಾರಿಗೆ ಪರದೇಶದ ತಂಡವೊಂದು ಎತ್ತಿ ಹಿಡಿಯಿತು.

ಆದರೆ ಅಷ್ಟರಲ್ಲಿ ಅದರ ಕಾಲವೂ ಮುಗಿದಿತ್ತು. ಹದಿಮೂರು ದಿನಗಳ ಹಿಂದೆ, ನವೆಂಬರ್ 6ರಂದು, ಎನ್‌ಎಫ್‌ಎಲ್‌ನ ಕ್ಲೀವ್‌ಲ್ಯಾಂಡ್ ಬ್ರೌನ್ಸ್‌ನ ಒಡೆಯ ಆರ್ಟ್ ಮೊಡೆಲ್ ತನ್ನ ತಂಡವನ್ನು ಬಾಲ್ಟಿಮೋರ್‌ಗೆ ತರುವುದಾಗಿ ಸಾರಿದ್ದ. ದೊಡ್ಡ ಲೀಗು ಊರಿಗೆ ಕಾಲಿಡುವ ಸುದ್ದಿಯೊಂದೇ ಸಾಕಾಯಿತು. ಎರಡು ವರ್ಷ ಎದೆತುಂಬಿ ಕೂಗಿದ ಊರು ಸಿಎಫ್‌ಎಲ್‌ಗೆ ಬೆನ್ನು ಮಾಡಿತು. ಟೊರಾಂಟೊಗೆ ಎನ್‌ಎಫ್‌ಎಲ್ ಬಂದರೆ ಏನಾದೀತೆಂದು ಕೇಳುವವರು ದೂರ ಹೋಗಬೇಕಿಲ್ಲ, ಬಾಲ್ಟಿಮೋರ್‌ನ ಆ ಎರಡು ವಾರಗಳನ್ನು ಓದಬೇಕು. ಚಾಂಪಿಯನ್ ತಂಡವೇ ನಿಲ್ಲಲಾರದೆ ಹೋಯಿತು.

ಕೆಲವೇ ತಿಂಗಳುಗಳಲ್ಲಿ ಅಮೆರಿಕದ ಉಳಿದ ನಾಲ್ಕೂ ತಂಡಗಳು ಇಲ್ಲವಾದವು. 1996ರ ಋತು ಮುಗಿಯುತ್ತಲೇ ಒಟ್ಟಾವಾ ರಫ್ ರೈಡರ್ಸ್ ಕಣ್ಮುಚ್ಚಿತು. 1876ರಲ್ಲಿ ಹುಟ್ಟಿ, ನೂರಿಪ್ಪತ್ತು ವರ್ಷ ಬಾಳಿ, ಒಂಬತ್ತು ಗ್ರೇ ಕಪ್ ಗೆದ್ದ ತಂಡ. 1997ರಲ್ಲಿ ಸಿಎಫ್‌ಎಲ್ ಉಸಿರು ಹಿಡಿದುಕೊಳ್ಳಲು ಎನ್‌ಎಫ್‌ಎಲ್‌ನಿಂದಲೇ 30 ಲಕ್ಷ ಡಾಲರ್ ಸಾಲ ಪಡೆಯಿತು. ಇಪ್ಪತ್ತಮೂರು ವರ್ಷಗಳ ಹಿಂದೆ ಯಾರ ನಾಡಿನ ಲೀಗುಗಳನ್ನು ತಡೆಯಲು ಮಸೂದೆ ಬರೆದಿದ್ದರೋ ಆ ನಾಡಿನ ಅತಿ ದೊಡ್ಡ ಲೀಗು ಈಗ ಸಾಲ ಕೊಟ್ಟಿತ್ತು. ರೆಜೈನಾದಲ್ಲಿ ಮತ್ತೆ ಟಿಕೆಟು ಮಾರುವ ಅಭಿಯಾನ, ಮತ್ತೆ ಬೇಡಿಕೆ. ಜನ ಮತ್ತೆ ಕೊಟ್ಟರು, ತಂಡ ಅದೇ ವರ್ಷ ಫೈನಲ್‌ವರೆಗೆ ಹೋಯಿತು.

ಬಾಲ್ಟಿಮೋರ್‌ನಿಂದ ಹೊರಬಿದ್ದ ಸ್ಪೆರೋಸ್ 1996ರಲ್ಲಿ ತನ್ನ ತಂಡವನ್ನು ಮಾಂಟ್ರಿಯಲ್‌ಗೆ ಕರೆತಂದ. ಒಂಬತ್ತು ವರ್ಷ ಸಿಎಫ್‌ಎಲ್ ತಂಡವಿಲ್ಲದಿದ್ದ ಊರಿನಲ್ಲಿ ಅಲೂವೆಟ್ಸ್ ಎಂಬ ಹೆಸರು ಮತ್ತೆ ಜೀವ ತಳೆಯಿತು. ಮರುವರ್ಷ ಅದನ್ನು ಕೊಂಡು ಉಳಿಸಿದವನೂ ಅಮೆರಿಕದವನೇ, ರಾಬರ್ಟ್ ವೆಟನ್‌ಹಾಲ್. ಭಾರಿ ಒಲಿಂಪಿಕ್ ಕ್ರೀಡಾಂಗಣದಲ್ಲಿ ಜನ ಕಾಣಿಸುತ್ತಲೇ ಇರಲಿಲ್ಲ. 1997ರ ನವೆಂಬರ್‌ನಲ್ಲಿ ಯು2 ಎಂಬ ಸಂಗೀತ ತಂಡಕ್ಕೆ ಆ ಕ್ರೀಡಾಂಗಣ ಗೊತ್ತಾಗಿದ್ದರಿಂದ ಪ್ಲೇಆಫ್ ಪಂದ್ಯವೊಂದನ್ನು ಗುಡ್ಡದ ತಪ್ಪಲಿನ ಹಳೆಯ ಮೋಲ್ಸನ್ ಸ್ಟೇಡಿಯಂಗೆ ಸಾಗಿಸಬೇಕಾಯಿತು. ಸಣ್ಣ ಗ್ಯಾಲರಿ, ಆಟಗಾರರ ಉಸಿರು ಕೇಳುವಷ್ಟು ಹತ್ತಿರ. ಅದು ಕಿಕ್ಕಿರಿಯಿತು. ಮುಂದಿನ ವರ್ಷದಿಂದ ತಂಡ ಅಲ್ಲೇ ನೆಲೆನಿಂತಿತು. ಆ ಕ್ರೀಡಾಂಗಣ ಮೆಗಿಲ್ ವಿಶ್ವವಿದ್ಯಾಲಯದ್ದು.

2008ರಿಂದ 2013ರವರೆಗೆ ಬಫಲೊ ಬಿಲ್ಸ್ ಪ್ರತಿ ವರ್ಷ ಟೊರಾಂಟೊದಲ್ಲಿ ಒಂದು ಎನ್‌ಎಫ್‌ಎಲ್ ಪಂದ್ಯ ಆಡಿತು. ಎಣಿಸಿದ್ದಷ್ಟು ಜನ ಒಲಿಯಲಿಲ್ಲ, ಆ ಪ್ರಯೋಗ ನಿಂತುಹೋಯಿತು. ಇಂದಿಗೂ ಎನ್‌ಎಫ್‌ಎಲ್‌ನ ಯಾವ ತಂಡವೂ ಕೆನಡಾದಲ್ಲಿ ನೆಲೆಸಿಲ್ಲ. ಆದರೆ 2025ರ ಸೆಪ್ಟೆಂಬರ್‌ನಲ್ಲಿ ಸಿಎಫ್‌ಎಲ್ ತಾನೇ ಒಂದು ಪ್ರಕಟಣೆ ಹೊರಡಿಸಿತು: 2027ರಿಂದ ಮೈದಾನದ ಉದ್ದ 110 ಗಜವಲ್ಲ, 100 ಗಜ. ಯಾವ ಪರದೇಶದ ತಂಡವೂ ಕೇಳದೆ, ಯಾವ ಗೋಡೆಯೂ ಅಡ್ಡ ಬಾರದೆ, ಅಮೆರಿಕ 1912ರಲ್ಲಿ ಮಾಡಿದ್ದನ್ನು ಕೆನಡಾ ನೂರ ಹದಿನೈದು ವರ್ಷ ತಡವಾಗಿ ಮಾಡಲಿದೆ. ಇದು ತಪ್ಪೆಂದು ನಾನು ನಂಬುತ್ತೇನೆ. 65 ಗಜದ ಅಗಲ, ಹನ್ನೆರಡು ಆಟಗಾರರು, ಮೂರು ಯತ್ನ, ಇಷ್ಟನ್ನು ಹಾಗೆಯೇ ಉಳಿಸಿಕೊಂಡಿದ್ದಾರೆ.